ಬಲೂನು ಒಡೆಯುವ ಬೆಳಕು

ನಾವು ಹೆಂಗಸರು ಪರೀಕ್ಷೆ ಮಾಡದೆ ಏನನ್ನೂ ಕೊಳ್ಳುವವರಲ್ಲ. ರಸಲ್ ಮಾರ್ಕೆಟ್ಟಿನಲ್ಲಿ ಬದನೆಕಾಯಿಯ ತೊಟ್ಟು ನೋಡುತ್ತೇವೆ, ಬೆಂಡೆಕಾಯಿಯ ತುದಿ ಮುರಿಯುತ್ತೇವೆ, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸೀರೆಯ ಸೆರಗನ್ನು ಬಾಗಿಲ ಬೆಳಕಿಗೆ ಹಿಡಿದು, ಒಳಬದಿ ತಿರುಗಿಸಿ, ಬಣ್ಣ ಬಿಡುತ್ತದೆಯೇ ಎಂದು ಹತ್ತು ಸಲ ಕೇಳುತ್ತೇವೆ. ಪಾತ್ರೆ ಅಂಗಡಿಯಲ್ಲಿ ಬೆರಳಿನ ಗೆಣ್ಣಿನಿಂದ ಬಡಿದು ಸದ್ದು ಕೇಳದೆ ಒಂದು ಲೋಟವನ್ನೂ ಮನೆಗೆ ತರುವುದಿಲ್ಲ. ಇಷ್ಟೆಲ್ಲ ಜಾಣತನ ಇರುವ ನಾವು, ಅದೇ ಬೀದಿಯ ಕೊನೆಯಲ್ಲಿ ಮಗು ಕೈಜಗ್ಗಿ ಹಟ ಹಿಡಿದಾಗ, ಬಲೂನು ಪೀಪಿಗಳ ನಡುವೆ ನೇತುಹಾಕಿದ ಲೇಸರ್ ಲೈಟನ್ನು ಮಾತ್ರ ಒಂದು ಪ್ರಶ್ನೆಯನ್ನೂ ಕೇಳದೆ ಕೊಂಡುಬಿಡುತ್ತೇವೆ. ಕೆಂಪು ಬೆಳಕಿನದಾದರೆ ನೂರು ರೂಪಾಯಿ, ಹಸಿರಿನದಾದರೆ ಇನ್ನೂರೋ ಮುನ್ನೂರೋ. ಚೌಕಾಸಿ ಮಾಡಿ ಐವತ್ತು ಉಳಿಸಿದೆವೆಂಬ ಸಂತೋಷ ಬೇರೆ.

ಕೊಳ್ಳುವವಳು ಪರೀಕ್ಷೆ ಮಾಡದಿದ್ದರೇನಂತೆ, ಮಾರುವವನು ತಾನೇ ಪರೀಕ್ಷೆ ಮಾಡಿ ತೋರಿಸುತ್ತಾನೆ. ಅವನ ಮೊದಲನೆಯ ಪರೀಕ್ಷೆ, ಬೆಳಕು ಎಷ್ಟು ದೂರ ಹೋಗುತ್ತದೆ ಎನ್ನುವುದು. ಸಂಜೆಗತ್ತಲಲ್ಲಿ ಎದುರಿನ ಬಹುಮಹಡಿ ಕಟ್ಟಡದ ನೆತ್ತಿಗೆ ಹಸಿರು ಚುಕ್ಕೆ ಬಿಟ್ಟು ಕುಣಿಸುತ್ತಾನೆ. ಎರಡನೆಯದು ಇನ್ನೂ ಸೊಗಸು. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ಕ್ಕೆ ಮಾತೆಯ ಹಬ್ಬ. ಅದರ ಹಿಂದಿನ ದಿನಗಳಲ್ಲೂ ಸುತ್ತಲಿನ ಬೀದಿಗಳೆಲ್ಲ ಜಾತ್ರೆಯ ಹಾಗಿರುತ್ತವೆ. ಆ ದಿನಗಳ ಒಂದು ಸಂಜೆ, ಅಲ್ಲಿಂದ ಸ್ವಲ್ಪ ದೂರದ ಫುಟ್‌ಪಾತಿನಲ್ಲಿ ಒಬ್ಬ ಹುಡುಗ ಕಪ್ಪು ಬಲೂನನ್ನು ಕೋಲಿಗೆ ಕಟ್ಟಿ, ಎರಡು ಮೊಳ ದೂರದಿಂದ ಹಸಿರು ಲೇಸರ್ ಬಿಟ್ಟ. ಬಲೂನು ಢಮ್ಮೆಂದಿತು. ಆಮೇಲೆ ಒಂದು ಬೆಂಕಿಕಡ್ಡಿಯನ್ನು ನಿಲ್ಲಿಸಿ ಅದನ್ನೂ ಹೊತ್ತಿಸಿದ.

"ನೋಡಿದ್ರಾ ಮೇಡಂ ಪವರು! ಡೂಪ್ಲಿಕೇಟ್ ಆಗಿದ್ರೆ ಹೊತ್ಕೊತಿತ್ತಾ?"

ಸುತ್ತ ನಿಂತಿದ್ದ ಮಕ್ಕಳು ಚಪ್ಪಾಳೆ ಹೊಡೆದರು. ಇಬ್ಬರು ತಾಯಂದಿರು ಅಲ್ಲೇ ಪರ್ಸು ತೆಗೆದರು. ನಾನು ಒಂದು ಲೈಟನ್ನು ಕೈಗೆತ್ತಿಕೊಂಡು ಅದರ ಮೈಮೇಲಿನ ಹಳದಿ ಚೀಟಿ ಓದಿದೆ. ಅದರಲ್ಲಿ ಬರೆದಿತ್ತು: ಶಕ್ತಿ 5 ಮಿಲಿವ್ಯಾಟ್‌ಗಿಂತ ಕಡಿಮೆ.

ನನ್ನ ತಕರಾರೆಲ್ಲ ಇರುವುದು ಈ ಚೀಟಿಗೂ ಆ ಬಲೂನಿಗೂ ನಡುವೆ. 5 ಮಿಲಿವ್ಯಾಟಿನ ಪಾಯಿಂಟರ್‌ಗೆ ಬೆಂಕಿಕಡ್ಡಿ ಹೊತ್ತಿಸುವ ಶಕ್ತಿಯಿರುವುದಿಲ್ಲ. ಎರಡು ಮೊಳ ದೂರದಿಂದ ಬಲೂನು ಒಡೆಯಬೇಕಾದರೆ, ಕಡ್ಡಿ ಉರಿಯಬೇಕಾದರೆ, ಅದರ ಹತ್ತಾರು ಪಟ್ಟು ಬೇಕು. ಬಲೂನು ಒಡೆದದ್ದು ನಿಜವಾದರೆ ಚೀಟಿ ಸುಳ್ಳು. ಚೀಟಿ ನಿಜವಾದರೆ ಬಲೂನು ಒಡೆಯಬಾರದಿತ್ತು. ಬಲೂನು ಒಡೆದದ್ದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಸರಕು ಅಸಲಿ ಎಂದು ತೋರಿಸಲು ಆ ಹುಡುಗ ಮಾಡಿದ ಪರೀಕ್ಷೆಯೇ ಸರಕಿನ ವಿರುದ್ಧ ಹೇಳಿದ ಸಾಕ್ಷಿ. ನಾವು ಅದಕ್ಕೆ ಚಪ್ಪಾಳೆ ತಟ್ಟಿ ದುಡ್ಡು ಕೊಟ್ಟು ಬರುತ್ತಿದ್ದೇವೆ.

ಮಿಲಿವ್ಯಾಟ್ ಎಂದರೆ ಒಂದು ವ್ಯಾಟಿನ ಸಾವಿರದಲ್ಲೊಂದು ಪಾಲು. ನಮ್ಮ ಅಡುಗೆಮನೆಯ ಬಲ್ಬು ಒಂಬತ್ತು ವ್ಯಾಟಿನದು, ಅದರ ಮುಂದೆ ಐದು ಮಿಲಿವ್ಯಾಟ್ ಯಾವ ಲೆಕ್ಕ ಎಂದು ನೀವು ಕೇಳಬಹುದು. ಬಲ್ಬಿನ ಬೆಳಕು ಸಾರಿಗೆ ಹಾಕಿದ ಉಪ್ಪಿನಂತೆ ಇಡೀ ಕೋಣೆಗೆ ಹರಡುತ್ತದೆ. ಲೇಸರ್ ಹರಡುವುದಿಲ್ಲ, ದಬ್ಬಣದಂತೆ ನೆಟ್ಟಗೆ ಹೋಗುತ್ತದೆ. ಕಣ್ಣಿನೊಳಕ್ಕೆ ಹೊಕ್ಕರಂತೂ ಕಣ್ಣಿನ ಮಸೂರ ಅದನ್ನು ಮತ್ತೂ ಒಟ್ಟುಗೂಡಿಸಿ, ಅಕ್ಷಿಪಟಲದ ಮೇಲೆ ಸಾಸಿವೆಯ ಚೂರಿಗಿಂತ ಎಷ್ಟೋ ಚಿಕ್ಕದಾದ ಚುಕ್ಕೆಯಾಗಿ ಕೂರಿಸುತ್ತದೆ. ಕಣ್ಣಿನ ಹೊರಗಿದ್ದಾಗಿನ ತೀಕ್ಷ್ಣತೆ ಅಲ್ಲಿ ಸುಮಾರು ಒಂದು ಲಕ್ಷ ಪಟ್ಟಾಗುತ್ತದೆ. ನಾವು ಚಿಕ್ಕವರಿದ್ದಾಗ ಭೂತಗನ್ನಡಿಯಿಂದ ಒಣಎಲೆ ಸುಡುತ್ತಿರಲಿಲ್ಲವೇ? ಭೂತಗನ್ನಡಿ ಕಣ್ಣಿನಲ್ಲೇ ಇದೆ, ಎಲೆಯೂ ಕಣ್ಣಿನಲ್ಲೇ ಇದೆ.

ಅದಕ್ಕೆಂದೇ ಪ್ರಪಂಚದಾದ್ಯಂತ ಲೇಸರ್‌ಗಳನ್ನು ದರ್ಜೆಗಳಾಗಿ ವಿಂಗಡಿಸಿದ್ದಾರೆ. ಕಣ್ಣಿಗೆ ಕಾಣುವ ಬೆಳಕಿನಲ್ಲಿ 1 ಮಿಲಿವ್ಯಾಟಿನ ತನಕ ಎರಡನೆಯ ದರ್ಜೆ. ತೀಕ್ಷ್ಣ ಬೆಳಕು ಬಿದ್ದರೆ ನಾವು ಕಾಲು ಸೆಕೆಂಡಿನೊಳಗೆ ತಾನಾಗಿ ರೆಪ್ಪೆ ಮುಚ್ಚುತ್ತೇವಲ್ಲ, ಆ ರೆಪ್ಪೆಯೇ ಅಲ್ಲಿ ಕಾವಲುಗಾರ. 5 ಮಿಲಿವ್ಯಾಟಿನ ತನಕ ಇನ್ನೊಂದು ದರ್ಜೆ, ಅದನ್ನು ತಿಳಿವಳಿಕೆಯಿರುವ ದೊಡ್ಡವರು ಜೋಪಾನವಾಗಿ ಬಳಸಬೇಕು. ಅಲ್ಲಿಂದಾಚೆ 500 ಮಿಲಿವ್ಯಾಟಿನವರೆಗಿನದು ಪ್ರಯೋಗಾಲಯದಲ್ಲಿ, ಅದಕ್ಕೆಂದೇ ಮಾಡಿದ ಕನ್ನಡಕ ಹಾಕಿಕೊಂಡು ಮುಟ್ಟಬೇಕಾದ ವಸ್ತು. ನಮ್ಮ ದೇಶದ ಬಿ.ಐ.ಎಸ್. ಕೂಡ ಐ.ಎಸ್. 14624 ಎಂಬ ಮಾನಕದಲ್ಲಿ ಇದೇ ಬಗೆಯ ದರ್ಜೆಗಳನ್ನು ಒಪ್ಪಿಕೊಂಡಿದೆ. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ. ಕೊರತೆ ಇರುವುದು ಮಾಪನದಲ್ಲಿ. ಚೀಟಿಯನ್ನು ಅಂಟಿಸಿದವನು ಬೆಳಕನ್ನು ಅಳೆದು ಅಂಟಿಸಿದನೇ ಎಂದು ಕೇಳುವವರು ಯಾರು?

ಅಮೆರಿಕದಲ್ಲಿ ಒಮ್ಮೆ ಕೇಳಿದರು. ಅಲ್ಲಿನ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು 122 ಲೇಸರ್ ಪಾಯಿಂಟರ್‌ಗಳನ್ನು ಅಳೆದು 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಂಪು ಲೈಟುಗಳಲ್ಲಿ ಶೇಕಡಾ 44, ಹಸಿರಿನಲ್ಲಿ ಸುಮಾರು ಶೇಕಡಾ 90 ಅಲ್ಲಿನ ಸುರಕ್ಷತಾ ನಿಯಮಕ್ಕೆ ಹೊರಗಿದ್ದವು. ಸುಮಾರು ಅರ್ಧದಷ್ಟು ಲೈಟುಗಳ ಶಕ್ತಿ ಮಿತಿಯ ಎರಡು ಪಟ್ಟಿಗೂ ಹೆಚ್ಚು. ಎಲ್ಲಕ್ಕಿಂತ ಹೆಚ್ಚಿನದು 66.5 ಮಿಲಿವ್ಯಾಟ್, ಅಂದರೆ ಮಿತಿಯ ಹದಿಮೂರು ಪಟ್ಟು. ಕಾನೂನು ಬಿಗಿಯಾಗಿರುವ ದೇಶದ ಪಾಡೇ ಇದಾದರೆ ನಮ್ಮ ಹಬ್ಬದ ಬೀದಿಯ ಮಾತೇನು?

ಹಸಿರು ಲೈಟಿನಲ್ಲಿ ಇನ್ನೊಂದು ಕಪಟ ಅಡಗಿದೆ. ನಾನು ಓದಿದ್ದು ಬಿ.ಎ., ಬಿ.ಎಡ್. ಇದನ್ನು ನನಗೆ ತಿಳಿಯುವ ಹಾಗೆ ಹೇಳಿದವರು ನಮ್ಮ ಶಾಲೆಯ ವಿಜ್ಞಾನದ ಮೇಡಂ. ಅಗ್ಗದ ಹಸಿರು ಲೇಸರ್‌ಗಳಲ್ಲಿ ಬಹಳಷ್ಟರ ಒಳಗೆ ಮೊದಲು ಹುಟ್ಟುವುದು ಹಸಿರು ಬೆಳಕೇ ಅಲ್ಲ, ಕಣ್ಣಿಗೆ ಕಾಣದ ಅವಕೆಂಪು ಬೆಳಕು. 808 ನ್ಯಾನೊಮೀಟರ್ ತರಂಗದ ಆ ಬೆಳಕು ಒಂದು ಹರಳಿಗೆ ಹೊಕ್ಕು 1064 ನ್ಯಾನೊಮೀಟರ್ ಆಗುತ್ತದೆ, ಅದೂ ಕಾಣದು. ಇನ್ನೊಂದು ಹರಳು ಅದನ್ನು ಅರ್ಧಕ್ಕಿಳಿಸಿದಾಗ 532 ನ್ಯಾನೊಮೀಟರಿನ ಹಸಿರು ಬರುತ್ತದೆ. ಉಳಿದುಹೋದ ಅವಕೆಂಪು ಹೊರಗೆ ಬಾರದಂತೆ ತುದಿಯಲ್ಲಿ ಒಂದು ಸಣ್ಣ ಶೋಧಕ ಗಾಜು ಇರಬೇಕು. ಬೆಲೆ ಇಳಿಸಬೇಕೆಂದಾಗ ಮೊದಲು ಬಿಟ್ಟುಹೋಗುವುದು ಆ ಗಾಜೇ. ಸೋಸುಬಟ್ಟೆಯಿಲ್ಲದೆ ಕಾಫಿ ಸೋಸಿದ ಹಾಗೆ. ಕಾಫಿಯಲ್ಲಾದರೆ ಚರಟ ನಾಲಿಗೆಗೆ ಸಿಗುತ್ತದೆ, ಇಲ್ಲಿ ಏನೂ ಕಾಣುವುದಿಲ್ಲ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚಿಕೊಳ್ಳುವುದಿಲ್ಲ. ಕಾವಲುಗಾರನಿಗೆ ಕಳ್ಳ ಬಂದದ್ದೇ ತಿಳಿಯದು.

ಇದನ್ನು ಹಿಡಿಯುವ ಸುಲಭ ಉಪಾಯವೊಂದನ್ನು ಅದೇ ಅಮೆರಿಕದ ಸಂಸ್ಥೆ 2010ರಲ್ಲಿ ಪ್ರಕಟಿಸಿತ್ತು. ಅವರು ಕೊಂಡ ಒಂದು ಅಗ್ಗದ ಹಸಿರು ಲೈಟಿನಿಂದ ಹಸಿರು ಮಂಕಾಗಿ ಬರುತ್ತಿತ್ತು, ಅವಕೆಂಪು ಮಾತ್ರ ಸುಮಾರು 20 ಮಿಲಿವ್ಯಾಟ್ ಬರುತ್ತಿತ್ತು. ಅವರ ಉಪಾಯವನ್ನು ಅನುಸರಿಸಿ ನಮ್ಮ ಮೇಡಂ ಒಂದು ಶನಿವಾರ ಮಕ್ಕಳೆಲ್ಲ ಹೋದ ಮೇಲೆ ಮೂರು ಲೈಟುಗಳನ್ನು ಪರೀಕ್ಷಿಸಿದರು. ಒಂದು ಕೆಂಪು, ಇನ್ನೆರಡು ಹಸಿರು, ಒಂದೇ ಬುಟ್ಟಿಯಿಂದ ತಂದವು, ಒಂದೇ ರೂಪ, ಒಂದೇ ಚೀಟಿ. ರಟ್ಟಿನ ಪೆಟ್ಟಿಗೆಯೊಳಗೆ ಲೈಟನ್ನು ಬಿಗಿದು, ಅದರ ಕಿರಣ ಹಳೆಯ ಸಿ.ಡಿ.ಯೊಂದರ ಮೇಲೆ ಬಿದ್ದು ಬಿಳಿ ಕಾಗದಕ್ಕೆ ಪ್ರತಿಫಲಿಸುವಂತೆ ಮಾಡಿದರು. ಸಿ.ಡಿ.ಯ ಸಣ್ಣ ಗೆರೆಗಳು ಬೆಳಕನ್ನು ಅದರದರ ತರಂಗಕ್ಕೆ ತಕ್ಕಂತೆ ಬೇರೆಬೇರೆ ಕಡೆಗೆ ತಳ್ಳುತ್ತವೆ. ಅದನ್ನು ಬರಿಗಣ್ಣಿನಿಂದ ನೋಡದೆ, ಒಳಗಿನ ಶೋಧಕ ಗಾಜನ್ನು ತೆಗೆದುಹಾಕಿದ ಹಳೆಯ ವೆಬ್‌ಕ್ಯಾಮ್ ಒಂದರಿಂದ ಕಂಪ್ಯೂಟರಿನಲ್ಲಿ ನೋಡಿದೆವು. ಮೊದಲು ಟಿ.ವಿ. ರಿಮೋಟನ್ನು ಅದರ ಮುಂದೆ ಒತ್ತಿದರು. ನಮ್ಮ ಕಣ್ಣಿಗೆ ಕಾಣದ ರಿಮೋಟಿನ ಅವಕೆಂಪು ಅಲ್ಲಿ ಮಿಣಮಿಣ ಮಿನುಗಿತು. ಕ್ಯಾಮೆರಾ ಸರಿಯಿದೆ ಎಂದಾಯಿತು.

ಕೆಂಪು ಲೈಟಿನಲ್ಲಿ ಕಣ್ಣಿಗೆಷ್ಟು ಚುಕ್ಕೆಯೋ ಕ್ಯಾಮೆರಾಕ್ಕೂ ಅಷ್ಟೇ. ಮೊದಲ ಹಸಿರಿನಲ್ಲೂ ಹಾಗೆಯೇ. ಎರಡನೆಯ ಹಸಿರಿನಲ್ಲಿ ಮಾತ್ರ, ಕಾಗದದ ಮೇಲೆ ಕಾಣುತ್ತಿದ್ದ ಎರಡು ಹಸಿರು ಚುಕ್ಕೆಗಳ ನಡುವೆ, ಕಾಗದದಲ್ಲಿ ಏನೂ ಇಲ್ಲದ ಜಾಗದಲ್ಲಿ, ಕಂಪ್ಯೂಟರಿನಲ್ಲಿ ಇನ್ನೊಂದು ಚುಕ್ಕೆ ಉರಿಯುತ್ತಿತ್ತು. ಅದೇ 808ರ ಸೋರಿಕೆ. ಎಷ್ಟು ಮಿಲಿವ್ಯಾಟ್ ಎಂದು ಹೇಳಲು ಶಕ್ತಿಮಾಪಕ ಬೇಕು, ಅದು ಶಾಲೆಯಲ್ಲಿರುವ ಸಾಮಾನಲ್ಲ. ಆದರೆ ಒಂದೇ ಬುಟ್ಟಿಯ, ಒಂದೇ ಚೀಟಿಯ ಎರಡು ಲೈಟುಗಳ ನಡವಳಿಕೆ ಎರಡು ಥರ ಎಂಬುದಕ್ಕೆ ಮಾಪಕವೇನೂ ಬೇಕಾಗಲಿಲ್ಲ. ನೆರೆಮನೆಯವರು ತಂದದ್ದು ಚೆನ್ನಾಗಿದೆ, ಅದೇ ಥರದ್ದನ್ನು ತರೋಣ ಎಂಬ ನಮ್ಮ ಹಳೆಯ ಸೂತ್ರ ಇಲ್ಲಿ ಕೆಲಸಕ್ಕೆ ಬಾರದು. ಈಚಿನ ಕೆಲವು ಲೈಟುಗಳಲ್ಲಿ ಹರಳುಗಳ ಗೋಜಿಲ್ಲದೆ ನೇರವಾಗಿ ಹಸಿರು ಹುಟ್ಟುತ್ತದೆ, ಅವುಗಳಲ್ಲಿ ಈ ಸೋರಿಕೆ ಇಲ್ಲ. ಹೊರಗಿನಿಂದ ನೋಡಿ ಯಾವುದು ಯಾವುದೆಂದು ಹೇಳುವವರಾರು? ದಯವಿಟ್ಟು ಈ ಪ್ರಯೋಗವನ್ನು ಮನೆಯಲ್ಲಿ ಮಾಡಲು ಹೋಗಬೇಡಿ; ಸಿ.ಡಿ. ಕನ್ನಡಿಯ ಹಾಗೆ ಕಿರಣವನ್ನು ಮುಖಕ್ಕೇ ತಿರುಗಿಸಬಲ್ಲದು.

ಆಟವಾಡುವ ಮಕ್ಕಳಿಗೆ ಇದರಿಂದ ಏನಾದೀತು ಎನ್ನುವವರಿಗೆ ಎರಡು ಸಂಗತಿ ಹೇಳುತ್ತೇನೆ. 2010ರಲ್ಲಿ ಸ್ವಿಟ್ಜರ್ಲೆಂಡಿನ ಲುಸರ್ನ್ ನಗರದ ವೈದ್ಯರು 15 ವರ್ಷದ ಹುಡುಗನೊಬ್ಬನ ವಿಷಯ ಪ್ರಕಟಿಸಿದರು. ಇಂಟರ್‌ನೆಟ್ಟಿನಲ್ಲಿ ತರಿಸಿದ ಲೇಸರನ್ನು ಅವನು ಕನ್ನಡಿಯ ಮುಂದೆ ಆಡಿಸಿ 'ಲೇಸರ್ ಶೋ' ಮಾಡಿಕೊಂಡಿದ್ದ; ಪ್ರತಿಫಲಿಸಿದ ಬೆಳಕು ಎರಡೂ ಕಣ್ಣಿಗೆ ಪೆಟ್ಟು ಕೊಟ್ಟಿತು. ಅಳೆದಾಗ ಅದು 150 ಮಿಲಿವ್ಯಾಟಿನದು. 2018ರಲ್ಲಿ ಗ್ರೀಸ್ ದೇಶದ ವೈದ್ಯರು 9 ವರ್ಷದ ಹುಡುಗನ ಎಡಗಣ್ಣಿನ ನಡುಮಧ್ಯದಲ್ಲಿ, ಅಕ್ಷಿಪಟಲದ ಮುಖ್ಯ ಜಾಗದಲ್ಲೇ, ತೂತು ಬಿದ್ದದ್ದನ್ನು ವರದಿ ಮಾಡಿದರು. ಆ ಹಸಿರು ಲೇಸರನ್ನು ಅವನಪ್ಪ ಬೀದಿ ಮಾರಾಟಗಾರನಿಂದ ಕೊಂಡುತಂದಿದ್ದ. ಒಂದೂವರೆ ವರ್ಷದ ನಂತರವೂ ಆ ಕಣ್ಣಿನ ನೋಟ 20/100ರಲ್ಲೇ ಇತ್ತು: ಸರಿಯಾದ ಕಣ್ಣು ನೂರು ಅಡಿಯಿಂದ ಓದುವುದನ್ನು ಅದು ಇಪ್ಪತ್ತು ಅಡಿಗೆ ಬಂದು ಓದಬೇಕು. ಆ ಅಪ್ಪನೂ ನಮ್ಮ ನಿಮ್ಮ ಹಾಗೆಯೇ ಮಗುವಿನ ಹಟಕ್ಕೆ ಸೋತವನಿರಬೇಕು.

"ನಮ್ಮ ಬೀದಿಯಲ್ಲಿ ಎಷ್ಟೋ ಮಕ್ಕಳ ಕೈಲಿದೆ, ಯಾರಿಗೂ ಏನೂ ಆಗಿಲ್ಲ" ಎನ್ನುವ ಮಾತು ಸ್ಟಾಫ್ ರೂಮಿನಲ್ಲೂ ಕೇಳಿದ್ದೇನೆ. ಅಕ್ಷಿಪಟಲಕ್ಕೆ ನೋವು ತಿಳಿಯುವುದಿಲ್ಲ. ನೋವಿಲ್ಲದ ಗಾಯಕ್ಕೆ ಅಳು ಬರುವುದಿಲ್ಲ, ಅಳದ ಮಗುವನ್ನು ಯಾರೂ ಆಸ್ಪತ್ರೆಗೆ ಕರೆದೊಯ್ಯುವುದಿಲ್ಲ. ಒಂದು ಕಣ್ಣು ಮಂಕಾದರೆ ಇನ್ನೊಂದು ಕಣ್ಣು ಕೆಲಸ ನಡೆಸುತ್ತದೆ. ಬೋರ್ಡು ಕಾಣಿಸುವುದಿಲ್ಲ ಎನ್ನುವ ಹುಡುಗನನ್ನು ಮುಂದಿನ ಬೆಂಚಿಗೆ ಕೂರಿಸಿ ನಾವು ಪಾಠ ಮುಂದುವರಿಸುತ್ತೇವೆ. ಇನ್ನು ಮಗುವೇ ಬಾಯಿಬಿಡಲು ಬೈಗುಳದ ಭಯ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಬೆಳಿಗ್ಗೆ ನಮ್ಮ ಬೀದಿಗಳು ಹೇಗೆ ಬಿಕೋ ಎನ್ನುತ್ತಿದ್ದವು ನೆನಪಿದೆಯೇ? ಸೂರ್ಯನನ್ನು ನೋಡಿ ಕಣ್ಣು ಕೆಡಿಸಿಕೊಂಡಾವೆಂದು ಮಕ್ಕಳನ್ನು ಒಳಗೆ ಕೂಡಿಹಾಕಿದ ನಾವೇ, ಕಿಸೆಯಲ್ಲಿ ಹಿಡಿಸುವ ಸುಡುಬೆಳಕನ್ನು ಹುಟ್ಟುಹಬ್ಬಕ್ಕೆ ಉಡುಗೊರೆ ಕೊಡುತ್ತೇವೆ.

ಫುಟ್‌ಪಾತಿನ ಬಡವನ ಹೊಟ್ಟೆಯ ಮೇಲೆ ಹೊಡೆಯಬೇಡಿ ಎಂಬುದು ಇನ್ನೊಂದು ಮಾತು. ನನಗೂ ಆ ಹುಡುಗನ ಮೇಲೆ ಸಿಟ್ಟಿಲ್ಲ. ಬಲೂನು ಒಡೆಯುವಾಗ ಅವನ ಕಣ್ಣಿಗೇ ಕನ್ನಡಕವಿರಲಿಲ್ಲ. ಮಿಲಿವ್ಯಾಟಿನ ಸುದ್ದಿ ಅವನಿಗೆ ಯಾರೂ ಹೇಳಿರಲಾರರು. ಹಬ್ಬದ ದಿನ ಪೊಲೀಸರು ಬಂದು ಅವನ ಬುಟ್ಟಿ ಎತ್ತಿಕೊಂಡು ಹೋದರೆ ಅದು ನ್ಯಾಯವೂ ಅಲ್ಲ, ಪರಿಹಾರವೂ ಅಲ್ಲ, ಏಕೆಂದರೆ ಅದೇ ಚೀಟಿಯ ಅದೇ ಸರಕು ಮೊಬೈಲಿನಲ್ಲಿ ಒತ್ತಿದರೆ ಮನೆ ಬಾಗಿಲಿಗೇ ಬರುತ್ತದೆ. ಹೊಣೆ ಹೊರಬೇಕಾದವರು ಅದನ್ನು ಮೂಟೆಮೂಟೆಯಾಗಿ ತರಿಸುವವರು, ತರಿಸಲು ಬಿಡುವವರು.

ಕಾನೂನು ಇಲ್ಲದೆಯೂ ಇಲ್ಲ. 2020ರ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದಿದೆ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯ. ಪ್ಲಾಸ್ಟಿಕ್ಕಿನ ಗಿಲಕಿಗೂ ಪರೀಕ್ಷೆ ಉಂಟು. ಹಾಗಿದ್ದ ಮೇಲೆ ಕೇಳುತ್ತೇನೆ: ಬಲೂನು ಪೀಪಿಗಳ ಪಕ್ಕದಲ್ಲಿ ನೇತಾಡುವ, ತುದಿಗೆ ನಕ್ಷತ್ರ ಚದುರಿಸುವ ಮುಚ್ಚಳ ಹಾಕಿದ, ಮಕ್ಕಳನ್ನೇ ಕೂಗಿ ಕರೆದು ಮಾರುವ ಈ ವಸ್ತು ಆಟಿಕೆಯೋ, ಉಪಕರಣವೋ? ಆಟಿಕೆಯಾದರೆ ಐ.ಎಸ್.ಐ. ಗುರುತು ಎಲ್ಲಿ? ಉಪಕರಣವಾದರೆ ಪೀಪಿಯ ಪಕ್ಕದಲ್ಲೇಕೆ? ಕೇಳುವವರು ಬಂದಾಗ ಉಪಕರಣ, ಮಗು ಬಂದಾಗ ಆಟಿಕೆ ಎಂಬ ಎರಡು ದೋಣಿಯ ಪಯಣ ಸಾಕು.

ವಿಮಾನದ ವಿಷಯ ಬಂದಾಗ ಸರ್ಕಾರಕ್ಕೆ ಎಚ್ಚರವಾದದ್ದನ್ನು ನೋಡಿ. 2023ರಲ್ಲಿ ವಿಮಾನ ನಿಯಮಗಳಿಗೆ ತಿದ್ದುಪಡಿ ತಂದು, ವಿಮಾನಗಳಿಗೆ ತೊಡಕಾಗುವ ದೀಪಗಳ ಪಟ್ಟಿಗೆ ಲೇಸರನ್ನೂ ಸೇರಿಸಿದರು. ನಿಲ್ದಾಣದ ಸುತ್ತ 5 ಕಿಲೋಮೀಟರ್ ಇದ್ದ ವ್ಯಾಪ್ತಿಯನ್ನು 5 ನಾಟಿಕಲ್ ಮೈಲಿಗೆ, ಅಂದರೆ ಸುಮಾರು 9 ಕಿಲೋಮೀಟರಿಗೆ ಹಿಗ್ಗಿಸಿದರು. ಪ್ರಯಾಣಿಕರ ವಿಮಾನಗಳು 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಹೋದವು ನಿಜ. ಆದರೆ ಎಚ್.ಎ.ಎಲ್. ನಿಲ್ದಾಣದಿಂದ ಹೆಲಿಕಾಪ್ಟರುಗಳೂ ಪರೀಕ್ಷಾರ್ಥ ವಿಮಾನಗಳೂ ಏರುವುದು ನಿಂತಿಲ್ಲ, ಮತ್ತು ಇಂದಿರಾನಗರ, ಹಲಸೂರು, ಕೆ.ಆರ್. ಪುರ ಎಲ್ಲವೂ ಆ ವ್ಯಾಪ್ತಿಯೊಳಗೇ ಇವೆ. ನಮ್ಮ ಮಾಳಿಗೆಯ ಮೇಲೆ ನಿಂತ ಹುಡುಗ ಆಕಾಶಕ್ಕೆ ಬಿಟ್ಟ ಬೆಳಕು ಪೈಲಟ್ಟಿನ ಕಣ್ಣು ಕೋರೈಸಿದರೆ ಅದು ಅಪರಾಧ. ಅದೇ ಹುಡುಗ ಪಕ್ಕದಲ್ಲಿ ನಿಂತ ತಂಗಿಯ ಕಣ್ಣಿಗೆ ಬಿಟ್ಟರೆ ಅದು ಆಟ! ಆಸ್ಟ್ರೇಲಿಯಾ ಕೂಡ ವಿಮಾನಗಳಿಗೆ ಆದ ತೊಂದರೆಯಿಂದಲೇ ಎಚ್ಚೆತ್ತದ್ದು. ಆದರೆ ಅದು ಬೆಳಕು ಬಿಡುವವನನ್ನು ಹುಡುಕುವುದಕ್ಕೆ ನಿಲ್ಲದೆ, 1 ಮಿಲಿವ್ಯಾಟಿಗಿಂತ ಹೆಚ್ಚಿನ ಪಾಯಿಂಟರ್‌ಗಳನ್ನು ಅನುಮತಿಯಿಲ್ಲದೆ ದೇಶದೊಳಕ್ಕೆ ತರಿಸುವುದನ್ನೇ 2008ರಲ್ಲಿ ತಡೆಯಿತು. ನಾವು ಮಾಡಬೇಕಾದದ್ದೂ ಅದನ್ನೇ. ಬಂದರಿನಲ್ಲಿ ಮೂಟೆ ಬಿಚ್ಚಿ ಹತ್ತು ಲೈಟು ಅಳೆಯುವುದು ಸುಲಭ. ಹತ್ತು ಸಾವಿರ ಮನೆ ಸೇರಿದ ಮೇಲೆ ಹುಡುಕುವುದು ಯಾರಿಂದಲೂ ಆಗದು.

ನಾನು ಲೇಸರಿನ ಶತ್ರುವಲ್ಲ. ಗಾಜಿನ ತೊಟ್ಟಿಯ ನೀರಿಗೆ ಎರಡು ಹನಿ ಹಾಲು ಬಿಟ್ಟು, ಕೆಂಪು ಕಿರಣ ನೀರಿನೊಳಗೆ ಬಾಗುವುದನ್ನು ನಮ್ಮ ಮೇಡಂ ತೋರಿಸುವಾಗ ಹಿಂದಿನ ಬೆಂಚಿನವರೂ ಎದ್ದು ನಿಲ್ಲುತ್ತಾರೆ. ಅದಕ್ಕೆ 1 ಮಿಲಿವ್ಯಾಟ್ ಧಾರಾಳ ಸಾಕು. ಗೋಡೆಯ ಮೇಲಿನ ನಕಾಶೆಯಲ್ಲಿ ಕಾವೇರಿ ಎಲ್ಲಿ ಹುಟ್ಟುತ್ತಾಳೆಂದು ತೋರಿಸಲು ಅಷ್ಟೂ ಬೇಡ, ಬಿದಿರು ಕಡ್ಡಿ ಸಾಕು.

ಸರ್ಕಾರ ಎಚ್ಚರಾಗುವ ತನಕ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಐ.ಎಸ್.ಐ. ಗುರುತಿಲ್ಲದ ಲೈಟನ್ನು ಎಷ್ಟೇ ಅಗ್ಗವಾದರೂ ಮಗುವಿನ ಕೈಗೆ ಕೊಡುವುದು ಬೇಡ. ಬಲೂನು ಒಡೆಯುವುದೆಂದು, ಕಡ್ಡಿ ಹೊತ್ತಿಸುವುದೆಂದು ಹೊಗಳಿದರೆ ಅಲ್ಲಿಂದ ಎರಡು ಹೆಜ್ಜೆ ಹಿಂದೆ ಸರಿಯಿರಿ, ಮಗುವನ್ನೂ ಸರಿಸಿ. ಮನೆಯಲ್ಲಿ ಈಗಾಗಲೇ ಇದ್ದರೆ ಬ್ಯಾಟರಿ ತೆಗೆದು ಮೇಲಿಡಿ. ಆಮೇಲೆ ಮಗುವನ್ನು ಗೋಡೆಯ ಕ್ಯಾಲೆಂಡರಿನ ಮುಂದೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ತಾರೀಖು ಓದಿಸಿ. ಮತ್ತೆ ಕಣ್ಣು ಬದಲಿಸಿ. ನಡುವೆ ಕಪ್ಪು ಚುಕ್ಕೆ ಅಡ್ಡ ಬರುತ್ತದೆ ಎಂದರೆ, ಗೆರೆ ಸೊಟ್ಟಗೆ ಕಾಣುತ್ತದೆ ಎಂದರೆ, ಅಂದೇ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದು ಲೇಸರ್ ಎಂಬ ಮಾತನ್ನು ತಪ್ಪದೆ ಹೇಳಿ. ಲೈಟನ್ನು ಕಣ್ಣಿಗೆ ಬಿಟ್ಟುಕೊಂಡೆಯಾ ಎಂದು ಮಗುವನ್ನು ಕೇಳುವಾಗ ಮಾತ್ರ ದನಿ ಏರಿಸಬೇಡಿ. ಬೈದರೆ ಅದು ಇಲ್ಲ ಎಂದುಬಿಡುತ್ತದೆ, ನಾವೂ ನಂಬಿಬಿಡುತ್ತೇವೆ.